ಹೆಗ್ಗಡದೇವನಕೋಟೆಗೆ 42 ಬೈಟ್

ಆಗಸ್ಟ್ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್‌ಗಳ ಒಲೆ ಆರುವುದಿಲ್ಲ. ಹೊಲದಿಂದ ಕಿತ್ತು ತಂದ ತಂಬಾಕಿನ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಈ ಬೇಯಿಸುವ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕಿ, ಐದಾರು ದಿನ ಹದವಾದ ಶಾಖದಲ್ಲಿ ಬೇಯಿಸುತ್ತಾರೆ. ಮೊದಲು 90ರಿಂದ 105 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಎಲೆ ಹಳದಿಯಾಗಬೇಕು. ಆಮೇಲೆ ಮೆಲ್ಲಗೆ ಏರಿಸುತ್ತ 130–140ರ ಹೊತ್ತಿಗೆ ಎಲೆ ಒಣಗಬೇಕು. ಕೊನೆಗೆ 160ರ ಆಸುಪಾಸಿನಲ್ಲಿ ನಡುದಂಟು ಒಣಗಬೇಕು. ಅವಸರದಲ್ಲಿ ಶಾಖ ಏರಿಸಿದರೆ ಹಸಿರು ಹಾಗೇ ಉಳಿಯುತ್ತದೆ, ತಡಮಾಡಿದರೆ ಎಲೆ ಕಂದು ತಿರುಗುತ್ತದೆ. ಹರಾಜು ಕಟ್ಟೆಯಲ್ಲಿ ಬಣ್ಣಕ್ಕೇ ಬೆಲೆ. ಹಾಗಾಗಿ ಅಪರಾತ್ರಿಯಲ್ಲಿ ಎದ್ದು ಹೋಗಿ ಥರ್ಮಾಮೀಟರ್ ನೋಡಿ ಬರುವ ಕೆಲಸ ಮನೆಯಲ್ಲಿ ಯಾರಿಗಾದರೂ ಬಿದ್ದೇ ಬೀಳುತ್ತದೆ.

ಆ ಮನೆಯ ಮಗನೋ ಮಗಳೋ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುತ್ತಿದ್ದರೆ ಒಂದು ಯೋಚನೆ ತಾನಾಗಿ ಹೊಳೆಯುತ್ತದೆ. ಒಳಗೊಂದು ಸೆನ್ಸರ್, ಹೊರಗೊಂದು ಪುಟ್ಟ ಪರದೆ, ನಡುವೆ ಒಂದು ಆರ್ಡುಯಿನೊ ಊನೊ ಬೋರ್ಡ್. ಎಲ್ಲ ಸೇರಿ ಖರ್ಚು ಹೆಚ್ಚೇನಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತವೆ, ಈಗಂತೂ ಆನ್‌ಲೈನ್‌ನಲ್ಲಿ ತರಿಸಿಕೊಂಡರೆ ಊರಿಗೇ ಬರುತ್ತವೆ. ಶಾಖವನ್ನು ದಪ್ಪ ಅಂಕಿಯಲ್ಲಿ ತೋರಿಸಬೇಕು, ಯಾವ ಹಂತ ನಡೆಯುತ್ತಿದೆ ಎಂಬುದನ್ನು ಕನ್ನಡದಲ್ಲಿ ಬರೆಯಬೇಕು, ಹತ್ತು ನಿಮಿಷಕ್ಕೊಮ್ಮೆ ಮೆಮೊರಿ ಕಾರ್ಡಿಗೆ ದಾಖಲಿಸಬೇಕು. ಆಸೆ ಇಷ್ಟೇ, ನ್ಯಾಯವಾದ ಆಸೆಯೇ.

ಮೇಜಿನ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಬ್ಯಾರನ್ ಗೋಡೆಗೆ ಹೊಡೆದ ಮೇಲೆ ಎರಡನೆಯ ರಾತ್ರಿಯೋ ಮೂರನೆಯ ರಾತ್ರಿಯೋ ಪರದೆಯ ಮೇಲಿನ ಅಂಕಿ ನಿಂತುಬಿಡುತ್ತದೆ. ನಿಂತದ್ದು ಗೊತ್ತಾಗುವುದೂ ಇಲ್ಲ. ಪರದೆ ಆರಿಲ್ಲ, ಅಕ್ಷರ ಕಲಸಿಲ್ಲ, 104 ಎಂದು ಸ್ಪಷ್ಟವಾಗಿ ಹೊಳೆಯುತ್ತಲೇ ಇರುತ್ತದೆ. ಒಳಗೆ ಶಾಖ 95ಕ್ಕೆ ಇಳಿದಿರಬಹುದು, 120ಕ್ಕೆ ಏರಿರಬಹುದು. ಡಿಸ್ಪ್ಲೇ ಪ್ರಾಜೆಕ್ಟ್‌ಗಳಲ್ಲಿ ನಾನು ಅತ್ಯಂತ ಅಪಾಯಕಾರಿ ಎಂದು ಎಣಿಸುವುದು ಈ ನಿಂತ ಅಂಕಿಯನ್ನೇ. ಕೆಟ್ಟುಹೋದ ಗಡಿಯಾರವನ್ನು ಹಗಲು ಕಂಡು ಹಿಡಿಯಬಹುದು. ಬ್ಯಾರನ್ ಬಾಗಿಲು ತೆರೆಯದೆ ಈ ಸುಳ್ಳು ಬಯಲಾಗುವುದಿಲ್ಲ.

ಹೀಗಾದಾಗ ಕೇಳಿಬರುವ ಮೊದಲ ಸಲಹೆ, "ಕನ್ನಡ ತೆಗೆದುಹಾಕು, ಇಂಗ್ಲಿಷ್‌ನಲ್ಲಿ ಹಾಕು, ಮೆಮೊರಿ ಸಾಲುವುದಿಲ್ಲ." ಎರಡನೆಯದು, "ದೊಡ್ಡ ಬೋರ್ಡ್ ತಗೊ." ಎರಡನ್ನೂ ಹೇಳುವವರು ಲೆಕ್ಕ ಹಾಕಿ ಹೇಳುವುದು ಅಪರೂಪ. ಇಲ್ಲಿ ಆ ಲೆಕ್ಕವನ್ನು ಹಾಕಿಯೇ ನೋಡೋಣ. ಮೆಮೊರಿ ತಿಂದವರು ಯಾರು ಎಂಬುದು ಬೈಟ್ ಬೈಟಾಗಿ ಸಿಕ್ಕುತ್ತದೆ, ಆರೋಪಿ ಕನ್ನಡ ಆಗಿರುವುದಿಲ್ಲ.

2048ರ ಜಮಾಖರ್ಚು

ಊನೊ ಬೋರ್ಡಿನ ಮಿದುಳು ಎಟಿಮೆಗಾ 328ಪಿ ಎಂಬ ಚಿಪ್. ಅದರಲ್ಲಿ ಎರಡು ಬಗೆಯ ಜಾಗ ಇದೆ ಎಂದು ಸದ್ಯಕ್ಕೆ ತಿಳಿದುಕೊಂಡರೆ ಸಾಕು. ಫ್ಲ್ಯಾಶ್ ಎಂಬುದು 32 ಕೆಬಿ. ಬೂಟ್‌ಲೋಡರ್ ಕಳೆದರೆ 32,256 ಬೈಟ್ ನಮ್ಮ ಕೈಗೆ ಸಿಗುತ್ತದೆ. ಪ್ರೋಗ್ರಾಂ ಇರುವುದು ಅಲ್ಲಿ, ಕರೆಂಟ್ ಹೋದರೂ ಅಳಿಯುವುದಿಲ್ಲ. ರ‍್ಯಾಮ್ ಎಂಬುದು ಬರೀ 2048 ಬೈಟ್. ಕೆಲಸ ನಡೆಯುವಾಗಿನ ಲೆಕ್ಕ, ಅಂಕಿ, ಸಾಲು ಎಲ್ಲ ಇರುವುದು ಇಲ್ಲಿ. ಡಿಸ್ಪ್ಲೇ ಪ್ರಾಜೆಕ್ಟಿನ ಗೋಳೆಲ್ಲ ಈ 2048ರಲ್ಲಿ.

ಎಲ್ಲರೂ ಕೊಳ್ಳುವ 0.96 ಇಂಚಿನ ಓಎಲ್‌ಇಡಿ ಪರದೆಯಲ್ಲಿ ಅಡ್ಡಕ್ಕೆ 128, ಉದ್ದಕ್ಕೆ 64 ಚುಕ್ಕಿ. ಒಟ್ಟು 8,192 ಚುಕ್ಕಿ. ಒಂದು ಬೈಟಿಗೆ ಎಂಟು ಚುಕ್ಕಿಯಂತೆ 1024 ಬೈಟ್. ಸಾಮಾನ್ಯವಾಗಿ ಬಳಸುವ ಅಡಾಫ್ರೂಟ್ ಲೈಬ್ರರಿ ಇಡೀ ಪರದೆಯ ಚಿತ್ರವನ್ನು ಮೊದಲು ರ‍್ಯಾಮಿನಲ್ಲಿ ಬರೆದುಕೊಂಡು ಆಮೇಲೆ ಪರದೆಗೆ ಕಳಿಸುತ್ತದೆ. ಅಂದರೆ ಒಂದಕ್ಷರ ಬರೆಯುವ ಮೊದಲೇ ಅರ್ಧ ರ‍್ಯಾಮ್ ಮುಗಿದಿರುತ್ತದೆ. ಮೆಮೊರಿ ಕಾರ್ಡಿನ ಲೈಬ್ರರಿಗೆ ಒಂದು ಬ್ಲಾಕ್ ಇಟ್ಟುಕೊಳ್ಳಲು 512 ಬೈಟ್ ಬೇಕು. ಪರದೆಯೊಂದಿಗೆ ಮಾತಾಡುವ ವೈರ್ ಲೈಬ್ರರಿ 32 ಬೈಟಿನ ಐದು ಬಫರ್ ಇಟ್ಟುಕೊಳ್ಳುತ್ತದೆ, 160. ಸೀರಿಯಲ್ ಮಾನಿಟರಿಗೆ ಬರುವುದಕ್ಕೆ 64, ಹೋಗುವುದಕ್ಕೆ 64, ಒಟ್ಟು 128. ಕೂಡಿದರೆ 1,824. ಉಳಿದದ್ದು 224 ಬೈಟ್. ನಮ್ಮ ಪ್ರೋಗ್ರಾಮಿನ ಒಂದು ಸಾಲೂ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ದಾರಿ ತಪ್ಪುವುದು ಇಲ್ಲೇ. ಸ್ಕೆಚ್ ಎಂದು ಕರೆಯುವ ನಮ್ಮ ಪ್ರೋಗ್ರಾಮನ್ನು ಕಂಪೈಲ್ ಮಾಡಿದಾಗ ಕೆಳಗೆ "ಡೈನಮಿಕ್ ಮೆಮೊರಿ ಶೇ ಇಷ್ಟು" ಎಂದು ಬರುತ್ತದೆಯಲ್ಲ, ಅದರಲ್ಲಿ ಪರದೆಯ 1024 ಬೈಟ್ ಸೇರಿರುವುದಿಲ್ಲ. ಆ ಜಾಗವನ್ನು ಲೈಬ್ರರಿ ಕೇಳುವುದು ಬೋರ್ಡ್ ಚಾಲೂ ಆದ ಮೇಲೆ. ಕಂಪೈಲರಿಗೆ ಅದರ ಸುಳಿವಿಲ್ಲ. ಶೇ 75 ದಾಟಿದರೆ ಮಾತ್ರ ಅದು "ಮೆಮೊರಿ ಕಡಿಮೆ ಇದೆ" ಎಂದು ಎಚ್ಚರಿಸುತ್ತದೆ. ಶೇ 55 ಎಂದು ತೋರಿಸಿದರೆ ನಾವು ನೆಮ್ಮದಿಯಾಗಿರುತ್ತೇವೆ. ಉಳಿದ ಶೇ 45 ಎಂದರೆ 922 ಬೈಟ್. ಪರದೆಗೆ ಬೇಕಾದದ್ದು 1024. ಜಾಗ ಸಿಗದೆ ಪರದೆ ಹತ್ತುವುದೇ ಇಲ್ಲ. ವೈರ್ ಸಡಿಲವೇನೋ, ಪರದೆಯೇ ಸತ್ತಿದೆಯೇನೋ ಎಂದು ಇನ್ನೊಂದು ಪರದೆ ತರಿಸುತ್ತೇವೆ.

ಪರದೆ ಹತ್ತದಿದ್ದವರು ಒಂದು ಲೆಕ್ಕದಲ್ಲಿ ಪುಣ್ಯವಂತರು. ಕಂಪೈಲರ್ ಶೇ 40 ಎಂದು ತೋರಿಸಿದವರ ಪಾಡು ನೋಡಿ. ಬಳಕೆ 819, ಉಳಿದದ್ದು 1,229. ಪರದೆಗೆ 1024 ಸಿಗುತ್ತದೆ, ಪರದೆ ಹತ್ತುತ್ತದೆ, ಎಲ್ಲವೂ ನಡೆಯುತ್ತದೆ. ಮಿಕ್ಕದ್ದು ಇನ್ನೂರು ಚಿಲ್ಲರೆ ಬೈಟ್ ಮಾತ್ರ. ಆ ಇನ್ನೂರರಲ್ಲಿ ಸ್ಟ್ಯಾಕ್ ಮತ್ತು ಹೀಪ್ ಎಂಬ ಎರಡು ವ್ಯವಹಾರ ನಡೆಯಬೇಕು. ಒಂದೇ ಹೊಲವನ್ನು ಇಬ್ಬರು ಎದುರುಬದುರು ತುದಿಗಳಿಂದ ಉಳುತ್ತ ಬಂದಂತೆ ಇದು: ಹೀಪ್ ಕೆಳಗಿನಿಂದ ಮೇಲಕ್ಕೆ, ಸ್ಟ್ಯಾಕ್ ಮೇಲಿನಿಂದ ಕೆಳಕ್ಕೆ, ನಡುವೆ ಬದು ಇಲ್ಲ. ಒಬ್ಬರ ಬೆಳೆಯ ಮೇಲೆ ಇನ್ನೊಬ್ಬರ ನೇಗಿಲು ಹೋದರೂ ಚಿಪ್ ಕೂಗಿ ಹೇಳುವುದಿಲ್ಲ, ಅದಕ್ಕೆ ಅಂಥ ಕಾವಲುಗಾರನನ್ನು ಕೊಟ್ಟೇ ಇಲ್ಲ. ಯಾವುದೋ ಫಂಕ್ಷನ್ ಎಲ್ಲಿಗೆ ಮರಳಬೇಕು ಎಂಬ ವಿಳಾಸ ಅಳಿಸಿಹೋಗುತ್ತದೆ. ಬೋರ್ಡ್ ರೀಸೆಟ್ ಆಗಬಹುದು, ಪರದೆಯಲ್ಲಿ ಕಸ ಮೂಡಬಹುದು, ಅಥವಾ 104 ಎಂದು ನಿಂತುಬಿಡಬಹುದು.

ಮೊದಲು ಮೆಮೊರಿ ಅಲ್ಲದ್ದನ್ನು ಬೇರ್ಪಡಿಸಿ

ಎಲ್ಲ ಕಾಯಿಲೆಗೂ ಮೆಮೊರಿಯನ್ನೇ ದೂರುವುದೂ ಸರಿಯಲ್ಲ. ಊನೊ ಬೋರ್ಡಿನ 3.3 ವೋಲ್ಟ್ ಪಿನ್ ಕೊಡಬಲ್ಲದ್ದು 50 ಮಿಲಿಆಂಪಿಯರ್. ಮೆಮೊರಿ ಕಾರ್ಡ್ ಬರೆಯುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಎಳೆಯಬಲ್ಲದು. ಕಾರ್ಡಿಗೆ ಬರೆಯುವಾಗಲೇ ಪ್ರತಿ ಸಲ ಬೋರ್ಡ್ ರೀಸೆಟ್ ಆಗುತ್ತಿದ್ದರೆ ಮೊದಲು ಕರೆಂಟ್ ನೋಡಿ. ಪರದೆ ಪೂರ್ತಿ ಕಪ್ಪಾಗಿದ್ದರೆ ವಿಳಾಸ 3ಸಿಯೋ 3ಡಿಯೋ ನೋಡಿ. ಚಿತ್ರ ಸರಿಯಿದ್ದು ಅಂಚಿನಲ್ಲಿ ಮಾತ್ರ ಒಂದೆರಡು ಗೆರೆ ಕಸ ಇದ್ದರೆ, ನಿಮ್ಮ ಕೈಯಲ್ಲಿರುವುದು 1.3 ಇಂಚಿನ ಎಸ್‌ಎಚ್1106 ಪರದೆ. ಅದರೊಳಗಿನ ಸಾಲಿನಲ್ಲಿ 132 ಜಾಗ ಇರುವುದರಿಂದ 128ರ ಲೈಬ್ರರಿ ಎರಡು ಚುಕ್ಕಿ ಸರಿದು ಬರೆಯುತ್ತದೆ. ಲೈಬ್ರರಿಯಲ್ಲಿ ಪರದೆಯ ಹೆಸರು ಬದಲಿಸಿದರೆ ಸರಿಹೋಗುತ್ತದೆ.

ಸೆನ್ಸರಿನದ್ದೂ ಒಂದು ಮಾತು ಹೇಳಬೇಕು. ಬ್ಯಾರನ್ನಿನ 160 ಡಿಗ್ರಿ ಎಂದರೆ 71 ಸೆಲ್ಸಿಯಸ್. 125ರವರೆಗೆ ತಡೆಯುವ ಡಿಎಸ್18ಬಿ20 ಇಲ್ಲಿಗೆ ಸರಿಯಾದ ಆಯ್ಕೆ. ಆದರೆ ಕರೆಂಟ್ ಒಂದು ಕ್ಷಣ ತಪ್ಪಿ ಮರಳಿದರೆ ಅದು ಅಳೆಯುವ ಮೊದಲೇ 85 ಸೆಲ್ಸಿಯಸ್ ಎಂಬ ಉತ್ತರ ಕೊಡುತ್ತದೆ. ಕಂಪನಿ ಅದಕ್ಕೆ ಕೊಟ್ಟಿರುವ ಆರಂಭದ ಸಂಖ್ಯೆ ಅದು. ಫ್ಯಾರನ್‌ಹೀಟ್‌ನಲ್ಲಿ 185. ನಡುರಾತ್ರಿ 185 ಎಂದು ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ವೈರ್ ಕಳಚಿದರೆ ಮೈನಸ್ 127 ಬರುತ್ತದೆ. ಈ ಎರಡು ಸಂಖ್ಯೆಗಳನ್ನು ಪ್ರೋಗ್ರಾಂ ಗುರುತಿಸಿ ತೋರಿಸದೆ ಬಿಡಬೇಕು. ಇವು ಮೆಮೊರಿ ಕೆಟ್ಟದ್ದರ ಗುರುತಲ್ಲ.

ಇವೆಲ್ಲ ಸರಿಯಿದ್ದರೆ ಮೆಮೊರಿಗೆ ಬನ್ನಿ. ಮೊದಲ ಕೆಲಸ, ಪರದೆ ಶುರುಮಾಡುವ ಬಿಗಿನ್ ಆದೇಶ ಹೌದೋ ಅಲ್ಲವೋ ಎಂದು ಹಿಂದಿರುಗಿಸುವ ಉತ್ತರವನ್ನು ನೋಡಿ. ಲೈಬ್ರರಿಯ ಜೊತೆ ಬರುವ ಉದಾಹರಣೆ ಸ್ಕೆಚ್‌ನಲ್ಲಿ ಆ ಪರೀಕ್ಷೆ ಇರುತ್ತದೆ. ನಮ್ಮದಕ್ಕೆ ನಕಲು ಮಾಡುವಾಗ "ಇದು ಬೇಡ" ಎಂದು ಅಳಿಸಿರುತ್ತೇವೆ. ಎರಡನೆಯದು, ಖಾಲಿ ರ‍್ಯಾಮ್ ಎಷ್ಟಿದೆ ಎಂದು ಬೋರ್ಡನ್ನೇ ಕೇಳಿ. ಸ್ಟ್ಯಾಕಿನ ತುದಿಯ ವಿಳಾಸದಿಂದ ಹೀಪಿನ ತುದಿಯ ವಿಳಾಸ ಕಳೆಯುವ ನಾಲ್ಕೈದು ಸಾಲಿನ ಚಿಕ್ಕ ಫಂಕ್ಷನ್ ಸಾಕು. ಅದನ್ನು ಲೂಪಿನಲ್ಲಿ ಒಂದು ಕಡೆ ಹಾಕಿದರೆ ಸಾಲದು. ಪರದೆಗೆ ಬರೆಯುವ ಫಂಕ್ಷನ್ನಿನ ಒಳಗೆ, ಕಾರ್ಡಿಗೆ ಬರೆಯುವ ಫಂಕ್ಷನ್ನಿನ ಒಳಗೆ, ಸ್ಟ್ಯಾಕ್ ಎಲ್ಲಿ ಅತ್ಯಂತ ಕೆಳಕ್ಕೆ ಇಳಿದಿರುತ್ತದೋ ಅಲ್ಲಿ ಅಳೆಯಬೇಕು.

ಅಳೆದಾಗ ಎರಡು ಬಗೆಯ ಚಿತ್ರ ಕಾಣುತ್ತದೆ. ಮೊದಲಿನಿಂದಲೂ ಸಂಖ್ಯೆ ಕಡಿಮೆಯಿದ್ದು ಹಾಗೇ ಇದ್ದರೆ ಜಾಗದ ಕೊರತೆ. ಚೆನ್ನಾಗಿದ್ದ ಸಂಖ್ಯೆ ಗಂಟೆಗಂಟೆಗೂ ಇಳಿಯುತ್ತಿದ್ದರೆ ಸೋರಿಕೆ. ಕಾರ್ಡಿನಲ್ಲಿ ಫೈಲ್ ತೆರೆದು ಮುಚ್ಚದೆ ಬಿಡುವುದು ಸೋರಿಕೆಯ ಮಾಮೂಲಿ ಕಾರಣ. ತೆರೆದಾಗಲೆಲ್ಲ ಲೈಬ್ರರಿ ಹೀಪಿನಲ್ಲಿ ಒಂದು ತುಂಡು ಹಿಡಿಯುತ್ತದೆ, ಮುಚ್ಚಿದಾಗ ಮಾತ್ರ ಬಿಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಬರೆಯುವ ಯಂತ್ರ ಮೇಜಿನ ಮೇಲೆ ಅರ್ಧ ಗಂಟೆ ಪರೀಕ್ಷೆಯಲ್ಲಿ ಮೂರೇ ಸಲ ಫೈಲ್ ತೆರೆದಿರುತ್ತದೆ. ಬ್ಯಾರನ್ನಿನಲ್ಲಿ ಒಂದು ದಿನಕ್ಕೆ 144 ಸಲ.

ಸೋರಿಕೆಯ ಇನ್ನೊಂದು ಮುಖ ಸ್ಟ್ರಿಂಗ್ ಎಂಬ ಸೌಕರ್ಯ. ಸಮಯ, ಅಲ್ಪವಿರಾಮ, ಶಾಖ, ಹಂತ ಎಂದು ಪ್ಲಸ್ ಹಾಕಿ ಕೂಡಿಸುತ್ತ ಹೋದರೆ ಪ್ರತಿ ಪ್ಲಸ್ಸಿಗೂ ಹೀಪಿನಲ್ಲಿ ಹೊಸ ತುಂಡು ಕತ್ತರಿಸಿ ಹಳೆಯದನ್ನು ಬಿಡುತ್ತದೆ. ಬಿಟ್ಟ ಜಾಗಗಳು ಚೂರುಚೂರಾಗಿ ಹರಡಿ, ಕೂಡಿಸಿದರೆ 150 ಬೈಟ್ ಖಾಲಿ ಇದ್ದರೂ ಒಟ್ಟಿಗೆ 40 ಬೈಟ್ ಸಿಗದ ಸ್ಥಿತಿ ಬರುತ್ತದೆ. 2 ಕೆಬಿ ಬೋರ್ಡಿನಲ್ಲಿ ಸ್ಟ್ರಿಂಗ್ ಬೇಡವೇ ಬೇಡ. ಮೊದಲೇ ಅಳತೆ ನಿಗದಿಯಾದ ಕ್ಯಾರೆಕ್ಟರ್ ಅರೆ ಒಂದನ್ನು ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಬಳಸಿ. ದಶಮಾಂಶ ಸಂಖ್ಯೆಗೆ ಸ್‌ಪ್ರಿಂಟ್‌ಎಫ್ ಹಾಕಿದರೆ ಊನೊದಲ್ಲಿ ಅಂಕಿಯ ಬದಲು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಜಾಗ ಉಳಿಸಲೆಂದೇ ಆ ಭಾಗವನ್ನು ಬಿಟ್ಟಿದ್ದಾರೆ. ಡಿಟಿಒಸ್ಟ್ರ್‌ಎಫ್ ಬಳಸಬೇಕು.

ಈಗ ಕನ್ನಡದ ವಿಚಾರಣೆ

ಈ ಸೀಮೆಯ ನಾಲ್ಕು ತಾಲ್ಲೂಕುಗಳ ಹೆಸರನ್ನೇ ತೂಗಿ ನೋಡೋಣ. ಯೂನಿಕೋಡಿನಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ, ಅರ್ಧಾಕ್ಷರದ ಗುರುತಿಗೂ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್. ಹುಣಸೂರು ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಹ, ಉಕಾರ, ಣ, ಸ, ಊಕಾರ, ರ, ಉಕಾರ ಎಂದು ಯಂತ್ರಕ್ಕೆ ಏಳು ಗುರುತು, 21 ಬೈಟ್. ಪಿರಿಯಾಪಟ್ಟಣಕ್ಕೆ ಹನ್ನೊಂದು ಗುರುತು, 33 ಬೈಟ್. ಕೃಷ್ಣರಾಜನಗರಕ್ಕೂ 33. ಹೆಗ್ಗಡದೇವನಕೋಟೆಗೆ ಹದಿನಾಲ್ಕು ಗುರುತು, 42 ಬೈಟ್. ನಾಲ್ಕೂ ಸೇರಿ 129. ಇಂಗ್ಲಿಷಿನಲ್ಲಿ ಎಚ್.ಡಿ. ಕೋಟೆ, ಕೆ.ಆರ್. ನಗರ ಎಂದು ಮೊಟಕಿಸಿ ಬರೆದರೆ ಮೂವತ್ತು ಚಿಲ್ಲರೆ ಬೈಟ್. ಕನ್ನಡ ಬಿಟ್ಟರೆ ಉಳಿಯುವುದು ನೂರರ ಹತ್ತಿರ. ಪರದೆಯ ಬಫರ್ ತಿನ್ನುತ್ತಿರುವುದು 1024.

ಆ ನೂರನ್ನೂ ಕೊಡಬೇಕಾಗಿಲ್ಲ. ಎಟಿಮೆಗಾ ಚಿಪ್ಪಿನ ಸ್ವಭಾವ ಏನೆಂದರೆ, ಪ್ರೋಗ್ರಾಮಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆದ ಪ್ರತಿ ಮಾತೂ ಚಾಲೂ ಆದ ಕೂಡಲೇ ಫ್ಲ್ಯಾಶಿನಿಂದ ರ‍್ಯಾಮಿಗೆ ನಕಲಾಗುತ್ತದೆ. "ಹಳದಿ ಹಂತ" ಎಂದು ಬರೆದರೆ, ಸಾಲು ಮುಗಿಯಿತೆಂದು ಸೂಚಿಸುವ ಕೊನೆಯ ಸೊನ್ನೆಯೂ ಸೇರಿ 23 ಬೈಟ್ ರ‍್ಯಾಮ್ ಹೋಯಿತು. ಇಂಥ ಇಪ್ಪತ್ತು ಸಾಲು ಇದ್ದರೆ 460. ಕನ್ನಡದ ಮೇಲೆ ದೂರು ಹುಟ್ಟುವುದು ಹೀಗೆ. ಆದರೆ ಆ ಮಾತನ್ನು ಎಫ್ ಮ್ಯಾಕ್ರೊದೊಳಗೆ ಸುತ್ತಿದರೆ, ಅಥವಾ ಪ್ರೊಗ್‌ಮೆಮ್ ಎಂದು ಗುರುತು ಹಾಕಿದರೆ, ಅದು ಫ್ಲ್ಯಾಶಿನಲ್ಲೇ ಉಳಿದು ಬೇಕಾದಾಗ ಮಾತ್ರ ಓದಿಕೊಳ್ಳುತ್ತದೆ. ರ‍್ಯಾಮಿನ ಖರ್ಚು ಸೊನ್ನೆಗೆ ಹತ್ತಿರ. ಇಂಗ್ಲಿಷ್ ಸಾಲುಗಳಿಗೂ ಇದೇ ಮದ್ದು. ಇಂಗ್ಲಿಷಿನಲ್ಲಿ ಉದ್ದುದ್ದ ದೋಷಸಂದೇಶಗಳನ್ನು ರ‍್ಯಾಮಿನಲ್ಲಿ ಬಿಟ್ಟು ಕನ್ನಡದ ನಾಲ್ಕು ಪದಗಳನ್ನು ಕಿತ್ತುಹಾಕುವುದು ನನಗೆ ತೀರಾ ನೋವಾಗುವ ಸಂಗತಿ.

ಇನ್ನು ಬರವಣಿಗೆ. ಈ ಪುಟ್ಟ ಲೈಬ್ರರಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಅಡಾಫ್ರೂಟಿನ ಮಾಮೂಲಿ ಫಾಂಟ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ತಿಳಿದು, ಹುಣಸೂರಿನ ಜಾಗದಲ್ಲಿ 21 ವಿಚಿತ್ರ ಗುರುತು ಬರೆಯುತ್ತದೆ. ಗುರುತುಗಳನ್ನು ಬಿಡಿಬಿಡಿಯಾಗಿ ಬರೆಯಬಲ್ಲ ಲೈಬ್ರರಿಯಲ್ಲೂ ಷ್ಣ, ಗ್ಗ, ಟ್ಟ ಬೆಸೆದುಕೊಳ್ಳುವುದಿಲ್ಲ. ಕೆಲಸ ಮಾಡುವ ದಾರಿ ಒಂದಿದೆ: ಪದವನ್ನು ಕಂಪ್ಯೂಟರಿನಲ್ಲಿ ಒಳ್ಳೆಯ ಕನ್ನಡ ಫಾಂಟಿನಲ್ಲಿ ಬರೆದು, ಕಪ್ಪು-ಬಿಳಿ ಚಿತ್ರವಾಗಿ ಉಳಿಸಿ, ಆ ಚಿತ್ರದ ಬೈಟುಗಳನ್ನು ಪ್ರೊಗ್‌ಮೆಮ್‌ನಲ್ಲಿ ಇಡುವುದು. ಪರದೆಯ ಪೂರ್ತಿ ಅಗಲ, 24 ಚುಕ್ಕಿ ಎತ್ತರದ ಒಂದು ಪದಕ್ಕೆ 384 ಬೈಟ್. ಬ್ಯಾರನ್ನಿಗೆ ಬೇಕಾದದ್ದು ಐದು ಮಾತು: ಹಳದಿ ಹಂತ, ಎಲೆ ಒಣಗುವ ಹಂತ, ದಂಟು ಒಣಗುವ ಹಂತ, ಸೆನ್ಸರ್ ಕಳಚಿದೆ, ಕಾರ್ಡ್ ಇಲ್ಲ. ಐದಕ್ಕೂ ಸೇರಿ 1,920 ಬೈಟ್ ಫ್ಲ್ಯಾಶ್, ಅಂದರೆ ಇರುವುದರಲ್ಲಿ ಶೇ 6. ರ‍್ಯಾಮಿನಲ್ಲಿ ಏನೂ ಇಲ್ಲ. ಒತ್ತಕ್ಷರ ಮುದ್ದಾಗಿ ಬರುತ್ತದೆ, ಕನ್ನಡಕ ಹಾಕದ ಅಜ್ಜನೂ ಓದಬಹುದು. ಪ್ರೊಗ್‌ಮೆಮ್ ಎಂಬ ಪದ ಹಾಕಲು ಮರೆತರೆ ಮಾತ್ರ ಈ 1,920 ಬೈಟೂ ರ‍್ಯಾಮಿಗೆ ನುಗ್ಗುತ್ತದೆ, ಆಗ ಸ್ಕೆಚ್ ಬೋರ್ಡಿಗೆ ಏರುವುದೇ ಇಲ್ಲ.

ಕನ್ನಡದಿಂದ ನಿಜವಾಗಿ ಬರುವ ಮೆಮೊರಿ ತೊಂದರೆ ಒಂದಿದೆ, ಅದನ್ನು ಮುಚ್ಚಿಡಬಾರದು. ಹುಣಸೂರು ನಾಲ್ಕೇ ಅಕ್ಷರ ಎಂದು ಹತ್ತು ಬೈಟಿನ ಅರೆ ಇಟ್ಟು ಅದಕ್ಕೆ ಹೆಸರು ತುಂಬಿಸುತ್ತೇವೆ. ಬರುವುದು 21 ಬೈಟ್, ಕೊನೆಯ ಸೊನ್ನೆ ಸೇರಿ 22. ಮಿಕ್ಕ ಹನ್ನೆರಡು ಬೈಟ್ ಪಕ್ಕದಲ್ಲಿದ್ದ ವೇರಿಯಬಲ್ಲುಗಳ ಮೇಲೆ ಬೀಳುತ್ತದೆ. ಪಕ್ಕದಲ್ಲಿ ಶಾಖದ ಮಿತಿ ಇತ್ತೆಂದುಕೊಳ್ಳಿ. ಇದ್ದಕ್ಕಿದ್ದಂತೆ ಅದರ ಬೆಲೆ ಅಸಂಬದ್ಧವಾಗುತ್ತದೆ, ತಪ್ಪು ಸೆನ್ಸರಿನ ಮೇಲೆ ಹೋಗುತ್ತದೆ. ಹಾಗೆಯೇ ಓಡುವ ಸಾಲಿನಲ್ಲಿ ಹದಿನಾರನೆಯ ಬೈಟಿಗೆ ಕತ್ತರಿಸಿದರೆ ಅಕ್ಷರದ ನಡುವೆ ಕತ್ತರಿ ಬಿದ್ದು ಕಸ ಮೂಡುತ್ತದೆ. ತಪ್ಪು ಇಂಗ್ಲಿಷಿನ ಅಳತೆಗೋಲಿನಿಂದ ಕನ್ನಡವನ್ನು ಅಳೆದದ್ದು. ಗುರುತುಗಳನ್ನು ಎಣಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಅರೆಯ ಅಳತೆ ಅದು.

ಮೂರು ಬೈಟೂ ಬೇಡ ಎನ್ನುವವರಿಗೆ ಇನ್ನೊಂದು ಹಾದಿ ಇದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಇರುವುದು 128 ಮನೆಗಳ ಒಂದೇ ಕೇರಿ. ಹಾಗಾಗಿ ಪ್ರತಿ ಕನ್ನಡ ಗುರುತಿನ ಮೊದಲ ಬೈಟ್ ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಬದಲಾಗದ್ದನ್ನು ಮತ್ತೆ ಮತ್ತೆ ಯಾಕೆ ಹೊರಬೇಕು? ಗುರುತಿನ ಮನೆಸಂಖ್ಯೆಯನ್ನು ಮಾತ್ರ ಇಟ್ಟುಕೊಂಡರೆ ಒಂದೇ ಬೈಟ್, ಹೆಗ್ಗಡದೇವನಕೋಟೆ 14ಕ್ಕೆ ಇಳಿಯುತ್ತದೆ. ಇದು ಹೊಸ ಉಪಾಯವೂ ಅಲ್ಲ. ಭಾರತೀಯ ಭಾಷೆಗಳಿಗೆಂದು 1991ರಲ್ಲಿ ಮಾನಕವಾದ ಇಸ್ಕಿ ಸಂಕೇತ ಪದ್ಧತಿ ಒಂದು ಗುರುತಿಗೆ ಒಂದೇ ಬೈಟ್ ಕೊಟ್ಟಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್, ಡಾಸ್ ಕಾಲದ ಕಂಪ್ಯೂಟರುಗಳ ಪರದೆಯ ಮೇಲೆ ನಮ್ಮ ಲಿಪಿಗಳನ್ನು ತಂದದ್ದು ಅಂಥ ಬಿಗಿ ಲೆಕ್ಕದಲ್ಲೇ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಮಾಡಿದಾಗಲೂ ಇಂಗ್ಲಿಷಿಗೆಂದು ಮಾಡಿದ ಅಷ್ಟೇ ಕೀಲಿಗಳಲ್ಲಿ ಇಡೀ ವರ್ಣಮಾಲೆಯನ್ನು ಕೂರಿಸಬೇಕಿತ್ತು; ಅದೇ ಮುಂದೆ ನುಡಿ ತಂತ್ರಾಂಶಕ್ಕೆ ತಳಹದಿಯಾಯಿತು. ಜಾಗ ಇಲ್ಲ ಎಂಬ ಕಾರಣಕ್ಕೆ ಅವರ್ಯಾರೂ ಕನ್ನಡ ಬಿಡಲಿಲ್ಲ.

1024ನ್ನು 128 ಮಾಡುವುದು

ನಿಜವಾದ ಆರೋಪಿ ಪರದೆಯ ಬಫರ್ ಎಂದಾದ ಮೇಲೆ ಅದನ್ನೇ ಹಿಡಿಯಬೇಕು. ಯು8ಜಿ2 ಎಂಬ ಲೈಬ್ರರಿಯಲ್ಲಿ ಪುಟ ಪದ್ಧತಿ ಇದೆ. ಇಡೀ ಪರದೆಯನ್ನು ಇಟ್ಟುಕೊಳ್ಳದೆ ಎಂಟು ಚುಕ್ಕಿ ಎತ್ತರದ ಒಂದು ಪಟ್ಟಿಯನ್ನು ಮಾತ್ರ, ಅಂದರೆ 128 ಬೈಟ್, ಇಟ್ಟುಕೊಳ್ಳುತ್ತದೆ. ಚಿತ್ರವನ್ನು ಎಂಟು ಸಲ ಬರೆಸಿ, ಪ್ರತಿ ಸಲ ಒಂದು ಪಟ್ಟಿ ಕಳಿಸುತ್ತದೆ. ಲೈಬ್ರರಿಯ ಹೆಸರಿನ ಸಾಲಿನಲ್ಲಿ ಎಫ್ ಎಂಬ ಅಕ್ಷರದ ಬದಲು 1 ಹಾಕಿ, ಬರೆಯುವ ಆದೇಶಗಳನ್ನು ಒಂದು ಡೂ-ವೈಲ್ ಲೂಪಿನೊಳಗೆ ಸೇರಿಸಿದರೆ 896 ಬೈಟ್ ಮರಳಿ ಬರುತ್ತದೆ. ಸ್ವಲ್ಪ ನಿಧಾನ ಆಗುತ್ತದೆ; ಹತ್ತು ಸೆಕೆಂಡಿಗೊಮ್ಮೆ ಬದಲಾಗುವ ಶಾಖಕ್ಕೆ ಆ ನಿಧಾನ ಲೆಕ್ಕಕ್ಕಿಲ್ಲ.

ಒಂದು ಎಚ್ಚರ ಬೇಕು. ಸೆನ್ಸರ್ ಓದುವ ಸಾಲನ್ನು ಆ ಲೂಪಿನ ಒಳಗೆ ಬಿಟ್ಟರೆ ಒಂದು ಚಿತ್ರಕ್ಕೆ ಎಂಟು ಸಲ ಓದುತ್ತದೆ. ನಡುವೆ ಶಾಖ 104ರಿಂದ 105ಕ್ಕೆ ಹೋದರೆ ಅಂಕಿಯ ಮೇಲರ್ಧ ನಾಲ್ಕು, ಕೆಳಗಿನರ್ಧ ಐದು ಆಗಿ ಪರದೆಯ ಮೇಲೆ ಇಲ್ಲದ ಅಂಕಿಯೊಂದು ಹುಟ್ಟುತ್ತದೆ. ನೋಡಿದವರಿಗೆ ಮೆಮೊರಿ ಮತ್ತೆ ಕೆಟ್ಟಂತೆ ಕಾಣುತ್ತದೆ. ಓದುವುದನ್ನು ಲೂಪಿಗೆ ಮೊದಲೇ ಮುಗಿಸಿ, ಒಂದು ವೇರಿಯಬಲ್ಲಿನಲ್ಲಿಟ್ಟು, ಒಳಗೆ ಬರೆಯುವುದನ್ನು ಮಾತ್ರ ಮಾಡಬೇಕು.

ಹಳೆಯ 16 ಅಕ್ಷರ, 2 ಸಾಲಿನ ಎಲ್‌ಸಿಡಿಯನ್ನು ಯಾರೂ ಈಗ ಮೂಸುವುದಿಲ್ಲ. ಅದರ ಚಿಪ್ಪಿನೊಳಗೇ 80 ಅಕ್ಷರಕ್ಕೆ ಜಾಗ ಇರುವುದರಿಂದ ಊನೊ ಏನನ್ನೂ ಹೊರಬೇಕಿಲ್ಲ. ಕನ್ನಡಕ್ಕೆ ಮಾತ್ರ ಅದು ಬಡ ಪರದೆ: ನಾವೇ ಬರೆದುಕೊಳ್ಳಬಹುದಾದ ಅಕ್ಷರ ಎಂಟೇ, ಒಂದೊಂದಕ್ಕೂ 5 ಚುಕ್ಕಿ ಅಗಲ, 8 ಎತ್ತರ. ಬರೀ ಅಂಕಿ ತೋರಿಸುವುದಾದರೆ ಅದರಷ್ಟು ನಿಶ್ಚಿಂತೆಯ ಪರದೆ ಇನ್ನೊಂದಿಲ್ಲ.

ಭತ್ತದ ಸೀಮೆಯಾದ ಕೆ.ಆರ್. ನಗರದಲ್ಲಾಗಲಿ ಬೇರೆ ಊರಲ್ಲಾಗಲಿ ಅಂಗಡಿ ಮುಂದೆ, ಗುಡಿಯ ಮುಂದೆ ಓಡುವ ಕೆಂಪಕ್ಷರದ ಪಿ10 ಎಲ್‌ಇಡಿ ಬೋರ್ಡಿನ ಲೆಕ್ಕ ಇನ್ನೂ ಹಗುರ. ಒಂದು ಫಲಕಕ್ಕೆ 32 ಅಡ್ಡ, 16 ಉದ್ದ, 64 ಬೈಟ್. ನಾಲ್ಕು ಫಲಕ ಜೋಡಿಸಿದರೂ 256. ಕೃಷ್ಣರಾಜನಗರ ಎಂದು ಆ ಪೂರ್ತಿ ಅಗಲಕ್ಕೆ ಬರೆದ ಚಿತ್ರ ಫ್ಲ್ಯಾಶಿನಲ್ಲಿ 256 ಬೈಟ್ ಹಿಡಿಯುತ್ತದೆ. 16 ಚುಕ್ಕಿ ಎತ್ತರದಲ್ಲಿ ಷ್ಣದ ಒತ್ತಿಗೆ ಜಾಗ ಬಿಡಬೇಕಾದ್ದರಿಂದ ಫಾಂಟನ್ನು ಕೈಯಲ್ಲಿ ಚುಕ್ಕಿ ಚುಕ್ಕಿ ತಿದ್ದಬೇಕಾಗುತ್ತದೆ. ಇದರಲ್ಲಿ ಖರ್ಚಾಗುವುದು ಬೈಟಿಗಿಂತ ತಾಳ್ಮೆ.

ದೊಡ್ಡ ಬೋರ್ಡಿನ ದೊಡ್ಡ ತೊಂದರೆ

ಎಚ್.ಡಿ. ಕೋಟೆ ಕಡೆಯ ಕಥೆ ಬೇರೆ. ಬೀಚನಹಳ್ಳಿಯ ಕಬಿನಿ ಜಲಾಶಯದ ಪೂರ್ಣ ಮಟ್ಟ 2,284 ಅಡಿ. ವಯನಾಡಿನಲ್ಲಿ ಮಳೆ ಹಿಡಿದರೆ ನದಿಯ ಎರಡೂ ದಡದ ಜನ ದಿನಾ ಕೇಳುವ ಸಂಖ್ಯೆ ಅಂದಿನ ನೀರಿನ ಮಟ್ಟ. ಇಂಟರ್ನೆಟ್ಟಿನಿಂದ ಆ ಸಂಖ್ಯೆ ತಂದು ಮನೆಯ ಗೋಡೆಯ ಪರದೆಗೆ ಹಾಕಲು ವೈಫೈ ಇರುವ ಇಎಸ್‌ಪಿ8266 ಬೋರ್ಡ್ ಸಾಕು. ಚಾಲೂ ಆದಾಗ ಅದರಲ್ಲಿ 40–50 ಕೆಬಿ ಖಾಲಿ ಇರುತ್ತದೆ, ಊನೊ ಬಲ್ಲವರಿಗೆ ಅದು ಸಮುದ್ರ. ಆದರೆ ಬೀಗ ಹಾಕಿದ ವೆಬ್ ಸಂಪರ್ಕಕ್ಕೆ, ಅಂದರೆ ಎಚ್‌ಟಿಟಿಪಿಎಸ್‌ಗೆ, ಬರುವ ಮಾಹಿತಿಯ ಬಫರೊಂದೇ 16 ಕೆಬಿ ಹಿಡಿಯುತ್ತದೆ. ಮೇಲೆ ಇಡೀ ಪುಟವನ್ನು ಒಂದು ಸ್ಟ್ರಿಂಗಿನಲ್ಲಿ ಹಿಡಿದು, ಅದರಿಂದ ಒಂದು ಸಂಖ್ಯೆ ಹುಡುಕಲು ಹೋದರೆ ಅಲ್ಲಿಗೆ ಮುಗಿಯಿತು. ಮಾಹಿತಿಯನ್ನು ಹರಿದು ಬಂದಂತೆ ಓದಿ, ಬೇಕಾದ ಅಂಕಿ ಸಿಕ್ಕೊಡನೆ ಉಳಿದದ್ದನ್ನು ಬಿಟ್ಟುಬಿಡುವುದು ಸರಿಯಾದ ಕ್ರಮ. ಬಂದ ಸಂಖ್ಯೆಯ ಜೊತೆ ಅದು ಯಾವ ದಿನದ್ದು ಎಂದೂ ಪರದೆಯ ಮೇಲೆ ಬರೆಯಬೇಕು; ಕಾಡಂಚಿನಲ್ಲಿ ಸಿಗ್ನಲ್ ಯಾವಾಗ ಹೋಗುತ್ತದೋ ಹೇಳಲಾಗದು, ನಿನ್ನೆಯ ಮಟ್ಟವನ್ನು ಇಂದಿನದು ಎಂದು ನಂಬಬಾರದು.

ಇಎಸ್‌ಪಿ32 ತಂದು ಬಣ್ಣದ ಪರದೆ ಹಾಕಿದವರ ತೊಂದರೆ ನೋಡಿದರೆ ದೊಡ್ಡ ಬೋರ್ಡ್ ತಾನಾಗಿ ಪರಿಹಾರ ಅಲ್ಲ ಎಂದು ತಿಳಿಯುತ್ತದೆ. ಅದರ ರ‍್ಯಾಮ್ 520 ಕೆಬಿ. 320 ಅಡ್ಡ, 240 ಉದ್ದದ ಪರದೆಯಲ್ಲಿ ಒಂದು ಚುಕ್ಕಿಗೆ ಎರಡು ಬೈಟಿನಂತೆ ಇಡೀ ಚಿತ್ರಕ್ಕೆ 1,53,600 ಬೈಟ್. ಖಾಲಿ ಜಾಗ 200 ಕೆಬಿಗೂ ಹೆಚ್ಚು ಎಂದು ಬೋರ್ಡೇ ಹೇಳುತ್ತದೆ, ಆದರೂ ಸ್ಪ್ರೈಟ್, ಅಂದರೆ ಚಿತ್ರವನ್ನು ಮೊದಲು ಬರೆದುಕೊಳ್ಳುವ ಬಫರ್, ಮೂಡುವುದಿಲ್ಲ. ಆ ಖಾಲಿ ಜಾಗ ತುಂಡು ತುಂಡಾಗಿದೆ. ಒಂದೇ ಹಾಸಿನಲ್ಲಿ ಸಾಮಾನ್ಯವಾಗಿ ಸಿಗುವುದು 110 ಕೆಬಿ ಆಸುಪಾಸು. ಒಟ್ಟು ಖಾಲಿ ಎಷ್ಟು ಎಂದು ಕೇಳಿದರೆ ಸಾಲದು, ಅತಿ ದೊಡ್ಡ ತುಂಡು ಎಷ್ಟು ಎಂದು ಕೇಳಬೇಕು. ಬಣ್ಣವನ್ನು 8 ಬಿಟ್ಟಿಗೆ ಇಳಿಸಿದರೆ 76,800ರಲ್ಲಿ ಕೆಲಸವಾಗುತ್ತದೆ. ಅದಕ್ಕಿಂತ ಜಾಣತನ ಎಂದರೆ, ಬದಲಾಗುವುದು ಅಂಕಿ ಮಾತ್ರ, ಅದಕ್ಕೆ 160 ಅಡ್ಡ 60 ಉದ್ದದ ಪುಟ್ಟ ಸ್ಪ್ರೈಟ್ ಸಾಕು, 19,200 ಬೈಟ್. ಉಳಿದ ಚಿತ್ರವನ್ನು ಒಮ್ಮೆ ಬರೆದು ಬಿಟ್ಟರೆ ಪರದೆಯೇ ನೆನಪಿಟ್ಟುಕೊಳ್ಳುತ್ತದೆ. ಈ ಬೋರ್ಡಿನ ದೊಡ್ಡ ಉಪಕಾರ ಎಂದರೆ ಬಿದ್ದಾಗ ಕಾರಣ ಹೇಳಿ ಬೀಳುತ್ತದೆ. ಸೀರಿಯಲ್ ಮಾನಿಟರಿನಲ್ಲಿ ಬ್ರೌನ್‌ಔಟ್ ಎಂದು ಬಂದರೆ ಕರೆಂಟ್ ಸಾಲದು. ಗುರು ಮೆಡಿಟೇಶನ್ ಎಂದು ಬಂದರೆ ಪ್ರೋಗ್ರಾಂ ಮುಟ್ಟಬಾರದ್ದನ್ನು ಮುಟ್ಟಿದೆ, ಮೆಮೊರಿಯ ಕಡೆ ಹುಡುಕಿ.

ಬ್ಯಾರನ್ನಿಗೆ ಮರಳಿದರೆ, ಊನೊ ಸಾಕು ಎಂಬುದೇ ನನ್ನ ಅಭಿಪ್ರಾಯ. ಪುಟ ಪದ್ಧತಿ, ಫ್ಲ್ಯಾಶಿನಲ್ಲಿ ಕನ್ನಡ, ಸ್ಟ್ರಿಂಗ್ ಇಲ್ಲ, ಪ್ರತಿ ಸಲ ಫೈಲ್ ಮುಚ್ಚುವುದು. ಇದರ ಮೇಲೆ ವಾಚ್‌ಡಾಗ್ ಚಾಲೂ ಮಾಡಿ: ಎಂಟು ಸೆಕೆಂಡು ಪ್ರೋಗ್ರಾಂ ಉಸಿರೆತ್ತದಿದ್ದರೆ ಚಿಪ್ ತಾನೇ ರೀಸೆಟ್ ಆಗುತ್ತದೆ. ಊನೊ ಬದಲು ಹಳೆಯ ಬೂಟ್‌ಲೋಡರ್ ಇರುವ ನ್ಯಾನೊ ಬಳಸಿದರೆ ವಾಚ್‌ಡಾಗ್ ರೀಸೆಟ್ಟಿನ ಸುಳಿಯಲ್ಲೇ ಅದು ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಹೊಸ ಬೂಟ್‌ಲೋಡರ್ ಹಾಕಿಕೊಳ್ಳಬೇಕು. ಪರದೆಯ ಮೂಲೆಯಲ್ಲಿ ಸೆಕೆಂಡಿಗೊಮ್ಮೆ ಮಿಣುಕುವ ಚುಕ್ಕಿಯೊಂದಿರಲಿ. ಚುಕ್ಕಿ ನಿಂತರೆ ಅಂಕಿಯನ್ನು ನಂಬಬೇಡಿ ಎಂದು ಮನೆಯವರಿಗೆಲ್ಲ ಹೇಳಿಡಿ.

ಪರೀಕ್ಷೆಯನ್ನು ಅರ್ಧ ಗಂಟೆಗೆ ಮುಗಿಸಬೇಡಿ. ಒಂದು ಬ್ಯಾರನ್ ಬೇಯಲು ಎಷ್ಟು ದಿನ ಬೇಕೋ ಅಷ್ಟು ದಿನ, ಸೀಸನ್ ಶುರುವಾಗುವ ಮೊದಲೇ, ಮನೆಯೊಳಗೆ ಬಿಡದೆ ಓಡಿಸಿ. ದಾಖಲಾಗುವ ಪ್ರತಿ ಸಾಲಿನ ಕೊನೆಗೆ ಖಾಲಿ ರ‍್ಯಾಮಿನ ಸಂಖ್ಯೆಯೂ ಸೇರಲಿ. ಆರನೆಯ ದಿನ ಕಾರ್ಡ್ ತೆಗೆದು ಆ ಕಂಬಸಾಲನ್ನು ಮೇಲಿನಿಂದ ಕೆಳಗೆ ಓದಿ. ಮೊದಲ ಗಂಟೆಯ ಸಂಖ್ಯೆಯೇ ಕೊನೆಯ ಗಂಟೆಯಲ್ಲೂ ಇದ್ದು, ಎಲ್ಲೂ 200ಕ್ಕಿಂತ ಕೆಳಗೆ ಇಳಿಯದಿದ್ದರೆ ಪೆಟ್ಟಿಗೆ ಮುಚ್ಚಿ ಬ್ಯಾರನ್ ಗೋಡೆಗೆ ಹೊಡೆಯಬಹುದು. ಹಳೆಯ ಥರ್ಮಾಮೀಟರನ್ನು ಮಾತ್ರ ಮೊದಲ ಸೀಸನ್ ಮುಗಿಯುವತನಕ ಅದರ ಮೊಳೆಯಿಂದ ತೆಗೆಯಬೇಡಿ. ಬೆಳಿಗ್ಗೆ ಸಂಜೆ ಎರಡರ ಅಂಕಿಯನ್ನೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬರೆದಿಡಿ.